ಕೊನೆಯ ನಿಪ್ಪಲ್‌ನ ನೀರು

ಅರಸೀಕೆರೆ ಕಡೆಯ ಕೋಳಿ ಶೆಡ್‌ಗಳಲ್ಲಿ ಒಂದು ಬ್ಯಾಚ್ ಹೊರಟ ಮೇಲೆ ಗೊಬ್ಬರ ತೆಗೆದು, ನೆಲ ತೊಳೆದು, ಸುಣ್ಣ ಬಳಿಯುವುದನ್ನು ಯಾರೂ ತಪ್ಪಿಸುವುದಿಲ್ಲ. ಆದರೆ ನಿಪ್ಪಲ್ ಲೈನಿನ, ಅಂದರೆ ಕೋಳಿಗಳು ಕೊಕ್ಕಿನಿಂದ ಒತ್ತಿ ನೀರು ಕುಡಿಯುವ ನಿಪ್ಪಲ್‌ಗಳಿರುವ ಪೈಪಿನ, ತುದಿಯ ಮುಚ್ಚಳ ಬಿಚ್ಚಿ ಒಳಗೆ ಬೆರಳಾಡಿಸಿ ನೋಡುವವರು ಕಡಿಮೆ. ನಮ್ಮ ಶೆಡ್ಡಿನಲ್ಲಿ ಹಾಗೆ ನೋಡಿದಾಗ ಬೆರಳಿಗೆ ಕಂದು ಬಣ್ಣದ ಲೋಳೆ ಹತ್ತಿತು. ಅದರಡಿ ಉಪ್ಪು ಕಟ್ಟಿದ ಒರಟು ಪದರವಿತ್ತು. ಬೋರ್‌ವೆಲ್‌ನಿಂದ ಬರುವ ನೀರು ಮಾತ್ರ ಕಣ್ಣಿಗೆ ತಿಳಿಯಾಗಿಯೇ ಇತ್ತು.

ಆ ಲೋಳೆಯೇ ಬಯೋಫಿಲ್ಮ್. ಬ್ಯಾಕ್ಟೀರಿಯಾಗಳು ಪೈಪಿನ ಒಳಮೈಗೆ ಅಂಟಿಕೊಂಡು, ತಾವೇ ಸ್ರವಿಸಿದ ಅಂಟಿನೊಳಗೆ ಗುಂಪಾಗಿ ಬದುಕುತ್ತವೆ. ಒಳಪದರದಲ್ಲಿರುವವು ಬಹಳ ನಿಧಾನವಾಗಿ ಬೆಳೆಯುವುದರಿಂದ, ಬೆಳೆಯುತ್ತಿರುವ ಜೀವಕೋಶವನ್ನು ಹೊಡೆಯುವ ಪೆನಿಸಿಲಿನ್‌ನಂತಹ ಔಷಧಗಳಿಗೆ ಅವು ಸುಲಭವಾಗಿ ಬಗ್ಗುವುದಿಲ್ಲ. ಒತ್ತೊತ್ತಾಗಿರುವ ಕಾರಣ ಔಷಧಕ್ಕೆ ಬಗ್ಗದ ಶಕ್ತಿ ಕೊಡುವ ಜೀನ್‌ಗಳು ಒಂದು ಜಾತಿಯಿಂದ ಇನ್ನೊಂದಕ್ಕೆ ದಾಟುವುದೂ ಅಲ್ಲಿ ಸುಲಭ. ಮನುಷ್ಯರಿಗೆ ಕೊನೆಯ ಆಸರೆಯಾಗಿ ಉಳಿಸಿಕೊಂಡಿರುವ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದಂತೆ ಮಾಡುವ, ಹೀಗೆ ದಾಟಬಲ್ಲ ಜೀನ್ 2015ರಲ್ಲಿ ಚೀನಾದಿಂದ ವರದಿಯಾಯಿತು. ಭಾರತ ಸರ್ಕಾರ 2019ರಲ್ಲಿ ಕೋಳಿ ಮತ್ತು ಜಾನುವಾರುಗಳಿಗೆ ಆ ಔಷಧ ಕೊಡುವುದನ್ನು ನಿಷೇಧಿಸಿತು. ಅದು ಸರಿಯಾದ ಕ್ರಮವೆಂದೇ ನನ್ನ ಭಾವನೆ.

ಈ ಲೋಳೆಗೆ ಮೇವು ಹಾಕುವವರು ನಾವೇ. ಮರಿ ಇಳಿದ ದಿನ ಬೆಲ್ಲದ ನೀರು ಅಥವಾ ಗ್ಲೂಕೋಸ್, ಆಮೇಲೆ ವಿಟಮಿನ್, ನೀರಿನಲ್ಲಿ ಲಸಿಕೆ ಕೊಡುವ ದಿನ ಅದರೊಂದಿಗೆ ಹಾಲಿನ ಪುಡಿ, ಎಲ್ಲವೂ ಅದೇ ಪೈಪಿನಲ್ಲಿ ಹೋಗುತ್ತವೆ. ಮೊದಲ ವಾರ ಮರಿಗಳನ್ನು ಬೆಚ್ಚಗಿಡುವ ಬ್ರೂಡರ್‌ನ ಕಾವಿನಲ್ಲಿ ಮರಿಗಳು ಕುಡಿಯುವುದು ತೀರ ಕಡಿಮೆಯಾದ್ದರಿಂದ ನೀರು ಬೆಚ್ಚಗಾಗಿ ನಿಂತಂತೆಯೇ ಇರುತ್ತದೆ; ಲೋಳೆ ಬೆಳೆಯಲು ಇದಕ್ಕಿಂತ ಅನುಕೂಲ ಬೇಕಿಲ್ಲ. ಲಸಿಕೆ ಕೆಡಬಾರದೆಂದು ಅದೇ ಹೊತ್ತಿಗೆ ಕ್ಲೋರಿನ್ ನಿಲ್ಲಿಸಿರುತ್ತೇವೆ. ಅದು ಅನಿವಾರ್ಯ, ಆದರೆ ಮರುದಿನ ಲೈನನ್ನು ರಭಸದ ನೀರಿನಿಂದ ತೊಳೆಯದಿರುವುದು ಅನಿವಾರ್ಯವಲ್ಲ.

ಇನ್ನು ನಮ್ಮ ಗಡಸು ನೀರಿನ ವಿಷಯ. ಟೆಟ್ರಾಸೈಕ್ಲಿನ್ ಗುಂಪಿನ ಆಂಟಿಬಯೋಟಿಕ್ ಔಷಧಗಳು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣದೊಂದಿಗೆ ಕಟ್ಟಿಕೊಳ್ಳುವುದರಿಂದ ಟ್ಯಾಂಕಿಗೆ ಅಳತೆಯಂತೆ ಹಾಕಿದ್ದೆಲ್ಲ ಕೋಳಿಯ ರಕ್ತಕ್ಕೆ ಸೇರುವುದಿಲ್ಲ. ಹೀಗೆ ಕೋಳಿಗೂ ಪೈಪಿನ ಲೋಳೆಗೂ ಸಿಗುವುದು ಕೊಲ್ಲಲು ಸಾಲದ ಅರೆಬರೆ ಪ್ರಮಾಣ, ಅಂದರೆ ಬದುಕುಳಿದವುಗಳನ್ನು ಗಟ್ಟಿಗೊಳಿಸುವ ಪ್ರಮಾಣ. ಕ್ಲೋರಿನ್‌ನದೂ ಇದೇ ಕಥೆ: ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 6.5ರ ಆಸುಪಾಸಿನಲ್ಲಿದ್ದಾಗ ಚೆನ್ನಾಗಿ ಕೆಲಸ ಮಾಡುವ ಅದು 8 ದಾಟಿದರೆ ಬಹುಪಾಲು ನಿಷ್ಪ್ರಯೋಜಕ. ಪಿಎಚ್ ನೋಡದೆ ಬ್ಲೀಚಿಂಗ್ ಪುಡಿ ಹೆಚ್ಚಿಸುತ್ತ ಹೋಗುವುದು ಹಣದ ನಷ್ಟವಷ್ಟೇ.

ಬ್ಯಾಚ್‌ಗಳ ನಡುವೆ ಶೆಡ್ ಖಾಲಿ ಇರುವಾಗ ಮೊದಲು ಆಮ್ಲದಿಂದ ಉಪ್ಪನ್ನು ಬಿಡಿಸಿ, ಚೆನ್ನಾಗಿ ತೊಳೆದ ನಂತರ ಬೇರೆಯಾಗಿ ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಹಲವು ಗಂಟೆ ಲೈನಿನಲ್ಲಿ ನಿಲ್ಲಿಸಿ ತೊಳೆಯಬೇಕು. ಆಮ್ಲದೊಂದಿಗೆ ಬ್ಲೀಚಿಂಗ್ ಪುಡಿಯನ್ನು ಎಂದಿಗೂ ಬೆರೆಸಬಾರದು, ವಿಷಾನಿಲ ಏಳುತ್ತದೆ. ಪರೀಕ್ಷೆಗೆ ನೀರು ಕಳಿಸುವಾಗ ಬೋರ್‌ವೆಲ್‌ನದೊಂದು ಬಾಟಲಿ, ಲೈನಿನ ಕೊನೆಯ ನಿಪ್ಪಲ್‌ನದೊಂದು ಬಾಟಲಿ ಹೀಗೆ ಎರಡನ್ನೂ ಕಳಿಸಿ, ಏಕೆಂದರೆ ಕೋಳಿ ಕುಡಿಯುವುದು ಎರಡನೆಯದನ್ನು.