ತಿಳಿದವರನ್ನು ಕೇಳಿ ಕಲಿತ ಸಂಪಾದಕ: ಉ.ವೇ. ಸ್ವಾಮಿನಾಥ ಅಯ್ಯರ್

ಸೋಮವಾರ, 19 ಫೆಬ್ರವರಿ 2024

ಇಂದು ಉ.ವೇ. ಸ್ವಾಮಿನಾಥ ಅಯ್ಯರ್ ಅವರ ಜನ್ಮದಿನ. 1855ರಲ್ಲಿ ಹುಟ್ಟಿದ ಈ ವಿದ್ವಾಂಸರನ್ನು ತಮಿಳರು ಇಂದಿಗೂ ‘ತಮಿಳ್ ತಾತಾ’ ಎಂದೇ ಕರೆಯುತ್ತಾರೆ. ಈ ವಾರವೆಲ್ಲ ಅವರ ಆತ್ಮಕಥೆಯ ಕೆಲವು ಅಧ್ಯಾಯಗಳನ್ನು ಮತ್ತೆ ಓದಿದೆ. ಗೆದ್ದಲಿನ ಬಾಯಿಂದ ಓಲೆಗರಿಗಳನ್ನು ಉಳಿಸಿದವರೆಂದು ಅವರನ್ನು ಕೊಂಡಾಡುವುದು ವಾಡಿಕೆ; ಅದು ನಿಜವೇ. ಆದರೆ ಓಲೆ ಕೈಸೇರಿದ ಮೇಲೆ ಅವರು ಪಟ್ಟ ಶ್ರಮ, ಅದರಲ್ಲೂ ತಮಗೆ ತಿಳಿಯದ್ದನ್ನು ತಿಳಿದವರ ಮನೆಬಾಗಿಲಿಗೆ ಹೋಗಿ ಕೇಳಿ ಕಲಿತ ಬಗೆ ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಅವರ ಊರು ಕುಂಭಕೋಣಂ ಸೀಮೆಯ ಉತ್ತಮದಾನಪುರಂ, ತಂದೆ ವೆಂಕಟಸುಬ್ಬಯ್ಯರ್ ಸಂಗೀತಗಾರರು. ಮಗನಿಗೆ ಸಂಗೀತಕ್ಕಿಂತ ತಮಿಳಿನ ಗೀಳು ಹೆಚ್ಚಾದಾಗ, ಬಡತನದ ನಡುವೆಯೂ ತಂದೆ ಅವನನ್ನು ಮಾಯವರಂನಲ್ಲಿದ್ದ ಮಹಾವಿದ್ವಾನ್ ಮೀನಾಕ್ಷಿಸುಂದರಂ ಪಿಳ್ಳೆಯವರ ಬಳಿಗೆ ಕರೆದೊಯ್ದರು. ‘ಸ್ವಾಮಿನಾಥ’ ಎಂಬ ಹೆಸರನ್ನು ನಿಲ್ಲಿಸಿದವರೂ ಆ ಗುರುಗಳೇ. ಅಲ್ಲಿಯವರೆಗೆ ಹುಡುಗನ ಹೆಸರು ವೆಂಕಟರಾಮನ್, ಮನೆಯವರ ಬಾಯಲ್ಲಿ ‘ಸಾಮ’. 1876ರಲ್ಲಿ ಪಿಳ್ಳೆಯವರು ತೀರಿಕೊಳ್ಳುವವರೆಗೂ ಅವರ ಜೊತೆಗಿದ್ದು, ಬಳಿಕ ತಿರುವಾವಡುದುರೈ ಶೈವಮಠದಲ್ಲಿ ಸುಬ್ರಮಣಿಯ ದೇಶಿಕರ ಆಶ್ರಯದಲ್ಲಿ ಓದು ಮುಂದುವರಿಸಿದ ಅಯ್ಯರ್, 1880ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿಗೆ ತಮಿಳು ಪಂಡಿತರಾಗಿ ಸೇರಿದರು.

ಅದೇ ವರ್ಷ ಅಕ್ಟೋಬರ್ 21ರಂದು ಅವರು ಊರಿನ ಮುನ್ಸೀಫರಾಗಿ ಬಂದಿದ್ದ ಸೇಲಂ ರಾಮಸ್ವಾಮಿ ಮುದಲಿಯಾರ್ ಅವರನ್ನು ಕಾಣಲು ಹೋದರು. ಏನೇನು ಓದಿದ್ದೀರಿ ಎಂದು ಮುದಲಿಯಾರರು ಕೇಳಿದಾಗ, ಅಯ್ಯರ್ ಅಂದಾದಿ, ಕೋವೈ, ಉಲಾ, ಪಿಳ್ಳೈತ್ತಮಿಳ್ ಎಂಬ ಕಿರುಕಾವ್ಯ ಪ್ರಕಾರಗಳು, ಸ್ಥಳಪುರಾಣಗಳೆಂದು ತಾವು ಪಾಠವಾಗಿ ಕೇಳಿದ ಗ್ರಂಥಗಳನ್ನೆಲ್ಲ ಒಂದೊಂದಾಗಿ ಹೇಳುತ್ತ ಹೋದರು. ಅಷ್ಟನ್ನೂ ಕೇಳಿ ಮುದಲಿಯಾರರು, ಇವುಗಳಿಂದ ಏನು ಪ್ರಯೋಜನ, ಇವಕ್ಕೂ ಹಿಂದಿನ ಕಾವ್ಯಗಳಾದ ‘ಜೀವಕ ಚಿಂತಾಮಣಿ’, ‘ಶಿಲಪ್ಪದಿಕಾರಂ’, ‘ಮಣಿಮೇಖಲೈ’ಗಳನ್ನು ಓದಿದ್ದೀರಾ ಎಂದು ಕೇಳಿಬಿಟ್ಟರು. ತಮಿಳಿನಲ್ಲಿ ತನಗೆ ಎಟುಕದ್ದು ಇನ್ನಿಲ್ಲವೆಂದುಕೊಂಡಿದ್ದ ಇಪ್ಪತ್ತೈದರ ಪಂಡಿತನಿಗೆ ಅದು ಎಂಥ ಪೆಟ್ಟು! ಮಠದ ಶಿಷ್ಯವಲಯದಲ್ಲಿ ಹೆಸರಾಗಿದ್ದವರು ಆ ಮಾತಿಗೆ ಮುನಿಸಿಕೊಂಡು ಎದ್ದು ಬರಬಹುದಿತ್ತು. ಅಯ್ಯರ್ ಹಾಗೆ ಮಾಡಲಿಲ್ಲ; ಮುದಲಿಯಾರರೇ ಕೊಟ್ಟ ಚಿಂತಾಮಣಿಯ ಪ್ರತಿಯನ್ನು ಹಿಡಿದು ಓದಲು ಕುಳಿತರು.

ಓದು ಸುಲಭವಾಗಿರಲಿಲ್ಲ. ಚುಕ್ಕಿ ಇಟ್ಟರೆ ಗರಿ ತೂತಾಗುತ್ತದೆಂದು ಲಿಪಿಕಾರರು, ತಮಿಳಿನಲ್ಲಿ ಸ್ವರವಿಲ್ಲದ ವ್ಯಂಜನವನ್ನು ತೋರಿಸಲು ಅದರ ಮೇಲಿಡುವ ಚುಕ್ಕಿಯನ್ನು ಬಿಟ್ಟುಬಿಡುತ್ತಿದ್ದರು. ಎ–ಏ, ಒ–ಓ ಎಂಬ ಹ್ರಸ್ವದೀರ್ಘಗಳ ವ್ಯತ್ಯಾಸ ಬರಹದಲ್ಲಿರಲಿಲ್ಲ. ಪದ್ಯವನ್ನು ಪಾದ ಮುರಿಯದೆ ಗದ್ಯದಂತೆ ಒಂದೇ ಸಾಲಾಗಿ ಬರೆದಿರುತ್ತಿದ್ದರಿಂದ, ಮೂಲ ಎಲ್ಲಿ ಮುಗಿಯಿತು, ಹಳೆಯ ವ್ಯಾಖ್ಯಾನಕಾರ ನಚ್ಚಿನಾರ್ಕ್ಕಿನಿಯರ್ ಬರೆದ ವ್ಯಾಖ್ಯಾನ ಎಲ್ಲಿ ಮೊದಲಾಯಿತು ಎಂಬುದನ್ನೂ ಓದುವವನೇ ಕಂಡುಹಿಡಿಯಬೇಕಿತ್ತು. ಅದಕ್ಕಿಂತ ದೊಡ್ಡ ತೊಡಕೆಂದರೆ ಆ ಕಾವ್ಯ ಜೈನಕಾವ್ಯ. ಅದರ ಪರಿಭಾಷೆಯನ್ನು ಬಿಡಿಸಿ ಹೇಳಬಲ್ಲವರು ಅವರ ಗುರುಪರಂಪರೆಯಲ್ಲಿ ಇರಲಿಲ್ಲ.

ಆದ್ದರಿಂದ ಅವರು ಕುಂಭಕೋಣದಲ್ಲೇ ಇದ್ದ ಜೈನರ ಮನೆಗಳಿಗೆ ಹೋದರು. ಮೊದಲ ಸಲ ಹೋದ ದಿನ ಆ ಮನೆಯಲ್ಲಿ ತೋರಣ ಕಟ್ಟಿ ಹಬ್ಬದ ಸಡಗರ. ಏನು ವಿಶೇಷವೆಂದು ವಿಚಾರಿಸಿದರೆ, ಚಿಂತಾಮಣಿಯ ಪಾರಾಯಣ ಆ ದಿನವೇ ಮುಗಿದಿತ್ತು! ವಿದ್ವಾಂಸರೇ ಕೈಬಿಟ್ಟಿದ್ದ ಕಾವ್ಯ ಒಂದೆರಡು ಬೀದಿಗಳಾಚೆ ಗೃಹಸ್ಥರ ನಿತ್ಯದ ಓದಾಗಿ ಉಳಿದಿತ್ತು. ಆಮೇಲೆ ಅಯ್ಯರ್ ಸಂದೇಹ ಬಂದಾಗಲೆಲ್ಲ ಆ ಮನೆಗಳಿಗೆ ಹೋಗಿ ವಿದ್ಯಾರ್ಥಿಯಂತೆ ಕುಳಿತು ಕೇಳಿದರು. ಶೈವಮಠದಲ್ಲಿ ಬೆಳೆದ ಬ್ರಾಹ್ಮಣ ಪಂಡಿತರೊಬ್ಬರು 1880ರ ದಶಕದಲ್ಲಿ ಹೀಗೆ ನಡೆದುಕೊಂಡರೆಂಬುದನ್ನು ನಾನು ಸಣ್ಣ ಸಂಗತಿಯೆಂದು ಎಣಿಸಲಾರೆ. ಅವರು ಸಂಪಾದಿಸಿದ ಚಿಂತಾಮಣಿ 1887ರಲ್ಲಿ ಅಚ್ಚಾಯಿತು. ಕನ್ನಡ ಓದುಗರಿಗೆ ಆ ಕಥೆ ಹೊಸದೇನಲ್ಲ. 1424ರಲ್ಲಿ ಭಾಸ್ಕರ ಕವಿ ಭಾಮಿನಿ ಷಟ್ಪದಿಯಲ್ಲಿ ಹೇಳಿದ ‘ಜೀವಂಧರ ಚರಿತೆ’ಯ ನಾಯಕನೇ ತಮಿಳಿನ ಜೀವಕ.

‘ಮಣಿಮೇಖಲೈ’ ಬೌದ್ಧಕಾವ್ಯ; ಅದಕ್ಕೆ ಬಂದಾಗ ತೊಡಕು ಬೌದ್ಧಮತದ್ದು. ಅಲ್ಲಿ ಕೈಹಿಡಿದವರು ಕಾಲೇಜಿನ ಸಹೋದ್ಯೋಗಿ ಮಾಲೂರು ರಂಗಾಚಾರ್ಯರು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಆರಂಭದಲ್ಲೇ ಸ್ತುತಿಸುವ ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ವನ್ನು 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಹೊರತಂದವರೂ ಇವರೇ ಆದ್ದರಿಂದ, ಕನ್ನಡಿಗರು ಈ ಹೆಸರನ್ನು ಎರಡು ಕಾರಣಕ್ಕೆ ನೆನೆಯಬೇಕು. ಬೌದ್ಧಧರ್ಮದ ಬಗ್ಗೆ ಇಂಗ್ಲಿಷಿನಲ್ಲಿದ್ದ ಪುಸ್ತಕಗಳನ್ನು ರಂಗಾಚಾರ್ಯರು ಓದಿ ವಿವರಿಸುತ್ತಿದ್ದರು, ಅಯ್ಯರ್ ಗುರುತು ಹಾಕಿಕೊಳ್ಳುತ್ತಿದ್ದರು. ‘ಮಣಿಮೇಖಲೈ’ 1898ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ‘ಪತ್ತುಪ್ಪಾಟ್ಟು’ (1889), ‘ಶಿಲಪ್ಪದಿಕಾರಂ’ (1892), ‘ಪುರನಾನೂರು’ (1894) ಬಂದಾಗಿತ್ತು.

ಪತ್ತುಪ್ಪಾಟ್ಟಿನ ಹತ್ತು ಹಾಡುಗಳಲ್ಲಿ ಒಂದು ಕಪಿಲರ್ ರಚಿಸಿದ ‘ಕುರಿಂಜಿಪ್ಪಾಟ್ಟು’. ಅದರಲ್ಲಿ ನಾಯಕಿಯೂ ಗೆಳತಿಯರೂ ಬಂಡೆಯ ಮೇಲೆ ಹೂ ಕೊಯ್ದು ಹರಡುವ ಪ್ರಸಂಗವಿದೆ. ಕಾಂದಳ್, ಆಂಬಲ್, ಅನಿಚ್ಚಂ, ಕುವಳೈ ಎಂದು ಕವಿ ಒಟ್ಟು 99 ಹೂಗಳನ್ನು ಹೆಸರಿಸುತ್ತಾನೆ. ಮೊದಲು ಸಿಕ್ಕ ಪ್ರತಿಗಳಲ್ಲಿ ಈ ಪಟ್ಟಿಯ ನಡುವಿನ ಕೆಲವು ಹೆಸರುಗಳೇ ಇರಲಿಲ್ಲ. ಅವುಗಳಿಲ್ಲದೆಯೂ ಅರ್ಥಕ್ಕೆ ಕುಂದಿಲ್ಲವೆಂದು ಬೇರೊಬ್ಬರು ಬಿಟ್ಟುಬಿಡುತ್ತಿದ್ದರೇನೋ. ಅಯ್ಯರ್ ಧರ್ಮಪುರಂ ಮಠದ ಹಳೆಯ ಓಲೆಗಳನ್ನು ಜಾಲಾಡಿ, ಉದುರಿಹೋಗಿದ್ದ ಆ ಹೂಗಳನ್ನು ಅದೇ ಜಾಗಕ್ಕೆ ತಂದು ಸೇರಿಸಿದರು. ಎಲ್ಲ ಕಡೆ ಹೀಗಾಗಲಿಲ್ಲ. ಕರಿವಲಂವಂದನಲ್ಲೂರಿನ ದೇವಸ್ಥಾನದಲ್ಲಿ ಓಲೆಗಳನ್ನು ಕೇಳಿದಾಗ, ಹಳೆಯವಾಗಿದ್ದವೆಂದು ತುಪ್ಪದಲ್ಲಿ ಅದ್ದಿ ಹೋಮಕ್ಕೆ ಹಾಕಿದ್ದಾಯಿತು ಎಂಬ ಉತ್ತರ ಬಂತು. ಆ ಪುಟವನ್ನು ನಾನು ಹೊಟ್ಟೆಯುರಿಯಿಲ್ಲದೆ ಓದಲಾರೆ.

ಈ ಕೆಲಸದಲ್ಲಿ ಅವರು ಒಬ್ಬಂಟಿಯಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಶ್ರೀಲಂಕಾದ ಯಾಳ್ಪಾಣದಿಂದ (ಜಾಫ್ನಾ) ಬಂದ ಸಿ.ವೈ. ದಾಮೋದರಂ ಪಿಳ್ಳೆಯವರು ಅವರಿಗಿಂತ ಮೊದಲೇ ಈ ದಾರಿಯಲ್ಲಿ ನಡೆದು, 1887ರಲ್ಲಿ ‘ಕಲಿತ್ತೊಗೈ’ ಎಂಬ ಪ್ರಾಚೀನ ಪದ್ಯಸಂಕಲನವನ್ನು ಪ್ರಕಟಿಸಿದ್ದರು. ಅಯ್ಯರ್ ಅವರ ಹೆಚ್ಚುಗಾರಿಕೆ ಇರುವುದು ಆವೃತ್ತಿಯ ಕಟ್ಟಿನಲ್ಲಿ. ಪೀಠಿಕೆ, ಕವಿಯ ಮತ್ತು ವ್ಯಾಖ್ಯಾನಕಾರನ ಚರಿತ್ರೆ, ಕಥಾಸಾರ, ಅಡಿಟಿಪ್ಪಣಿ, ಪಾಠಾಂತರ, ಪದಸೂಚಿ, ಇವೆಲ್ಲವನ್ನೂ ಕೊಟ್ಟು, ತಮ್ಮ ನಿರ್ಣಯ ಸರಿಯೇ ತಪ್ಪೇ ಎಂದು ಓದುಗನೇ ಪರೀಕ್ಷಿಸಿಕೊಳ್ಳಲು ಬೇಕಾದ ಸಾಮಗ್ರಿಯನ್ನು ಅವರು ಒದಗಿಸುತ್ತಿದ್ದರು.

1906ರ ಮಹಾಮಹೋಪಾಧ್ಯಾಯ ಬಿರುದು, 1932ರ ಮದ್ರಾಸ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಎಲ್ಲ ತಾವಾಗಿಯೇ ಬಂದವು. ಅಂಥದೇ ಇನ್ನೊಂದು ಪ್ರಾಚೀನ ಸಂಕಲನ ‘ಕುರುಂದೊಗೈ’ ಅವರ ಸಂಪಾದನೆಯಲ್ಲಿ 1937ರಲ್ಲಿ ಹೊರಬಂದಾಗ ಅವರಿಗೆ 82 ವರ್ಷ. 1940ರಿಂದ ‘ಆನಂದ ವಿಕಟನ್’ನಲ್ಲಿ ಬರುತ್ತಿದ್ದ ಆತ್ಮಕಥೆಯನ್ನು ಮುಗಿಸಲಾಗದೆ, 1942ರ ಏಪ್ರಿಲ್ 28ರಂದು ತಿರುಕ್ಕಳುಕ್ಕುನ್ರಂನಲ್ಲಿ ತೀರಿಕೊಂಡರು. ಅವರು ಕೂಡಿಹಾಕಿದ ಓಲೆಗಳೂ ಪುಸ್ತಕಗಳೂ ಮರುವರ್ಷವೇ ಅವರ ಹೆಸರಿನಲ್ಲಿ ಆರಂಭವಾದ, ಈಗ ಚೆನ್ನೈನ ಬೆಸಂಟ್ ನಗರದಲ್ಲಿರುವ ಗ್ರಂಥಾಲಯದಲ್ಲಿವೆ. ಭಾಸ್ಕರನ ‘ಜೀವಂಧರ ಚರಿತೆ’ಯನ್ನು ನಾನು ಬಿಡಿಬಿಡಿಯಾಗಿ ಓದಿದ್ದೇ ಹೆಚ್ಚು. ಈ ತಿಂಗಳು ಮುಗಿಯುವುದರೊಳಗೆ ಮೊದಲಿನಿಂದ ಕೊನೆಯವರೆಗೆ ಓದಿ, ಚಿಂತಾಮಣಿಯ ಕಥಾಸಾರದ ಪಕ್ಕದಲ್ಲಿಟ್ಟು ನೋಡಬೇಕೆಂದಿದ್ದೇನೆ.