ಗುಲಾಬಿ ಎಲೆಯಲ್ಲಿ ಗುಂಡನೆಯ ಕತ್ತರಿ

ಬೆಳಗಾವಿಯ ನರ್ಸರಿಯೊಂದರಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗುಲಾಬಿ ಎಲೆ ಹಾಳಾಗಿದೆ ಅಂತ ಯಾರೇ ಬರಲಿ, ನನ್ನ ಉತ್ತರ ಒಂದೇ ಇತ್ತು: ಕೀಡೆ ಬಿದ್ದಿದೆ, ಎಣ್ಣೆ (ಕೀಟನಾಶಕ) ಹೊಡೀರಿ.

ದೀಪಾವಳಿಗೆ ಮುಂಚೆ ಶಹಾಪುರದ ಒಬ್ಬ ಅಜ್ಜಿ ಎರಡನೇ ಸಲ ಬಂದರು. "ತಮ್ಮಾ, ನೀ ಕೊಟ್ಟ ಎಣ್ಣಿ ಹೊಡದೀನಿ. ಎಲಿ ಮತ್ತ ಹಂಗ ಆಗ್ಯಾವ ನೋಡು" ಅಂತ ಎಲೆ ಕೈಗಿಟ್ಟರು. ಆವತ್ತೇ ಮೊದಲು ಸರಿಯಾಗಿ ನೋಡಿದ್ದು. ಕೀಡೆ ತಿಂದರೆ ಅಂಚು ಹರಿದಂತಿರುತ್ತದೆ, ಕೆಳಗಿನ ಎಲೆ ಮೇಲೆ ಹಿಕ್ಕೆ ಇರುತ್ತದೆ. ಇದು ನಾಣ್ಯ ಇಟ್ಟು ಕತ್ತರಿಸಿದಷ್ಟು ನುಣುಪಾಗಿತ್ತು.

ಮರುದಿನ ನಮ್ಮ ಗುಲಾಬಿ ಕುಂಡಗಳ ಹತ್ತಿರ ಕೂತೆ. ಬಿಸಿಲೇರಿದ ಮೇಲೆ ಕಪ್ಪು ಬಣ್ಣದ ಒಂದು ಜೇನುಹುಳ ಬಂತು. ಎಲೆಯ ಅಂಚನ್ನು ಕಾಲಲ್ಲಿ ಹಿಡಿದು ದವಡೆಯಿಂದ ಸುತ್ತ ಕತ್ತರಿಸಿತು. ಹತ್ತು ಸೆಕೆಂಡೂ ಹಿಡಿಯಲಿಲ್ಲ. ತುಂಡನ್ನು ಹೊಟ್ಟೆಯಡಿ ಸುರುಳಿ ಮಾಡಿ ಹಿಡಿದು ಹಾರಿದ್ದು ಸೀದಾ ಗಿಡಗಳ ನೆರಳಿಗೆ ಕಟ್ಟಿದ ನೆಟ್ಟಿನ ಬಿದಿರಿಗೆ.

ಮುರಿದು ಬಿದ್ದಿದ್ದ ಇನ್ನೊಂದು ಬಿದಿರನ್ನು ಸೀಳಿ ನೋಡಿದೆ. ನಿಪ್ಪಾಣಿಯಲ್ಲಿ ಬೀಡಿ ಸುತ್ತಿದ ಹಾಗೆ ಎಲೆಯ ಸುರುಳಿಗಳು, ಒಂದರ ಹಿಂದೆ ಒಂದು. ಗೋಡೆಗೆ ಉದ್ದನೆಯ ತುಂಡು, ಮುಚ್ಚಳಕ್ಕೆ ಗುಂಡನೆಯದು. ಒಂದು ಸುರುಳಿ ಬಿಚ್ಚಿಕೊಂಡಿತ್ತು. ಒಳಗೆ ಹಳದಿ ಪರಾಗದ ಉಂಡೆ, ಅದರ ಮೇಲೆ ಬಿಳಿ ಮರಿ. ಜೀವ ಚುರುಕ್ ಅಂತು. ಬಿದಿರನ್ನು ಜೋಡಿಸಿ, ದಾರ ಸುತ್ತಿ ನೆರಳಲ್ಲಿಟ್ಟೆ.

ಇದು ಎಲೆ ಕತ್ತರಿಸುವ ಒಂಟಿ ಜೇನು, ಮೆಗಾಕೈಲಿ ಕುಲದ್ದು. ಗೂಡಿನ ಗುಂಪಿಲ್ಲ, ರಾಣಿ ಇಲ್ಲ, ನಾವು ಕೀಳುವ ಜೇನುತುಪ್ಪವೂ ಇಲ್ಲ. ಒಂದೊಂದು ಹೆಣ್ಣೂ ತನ್ನ ಮನೆ ತಾನೇ ಕಟ್ಟುತ್ತದೆ. ಗುರುತಿಗೆ ಹೊಟ್ಟೆಯ ಅಡಿ ನೋಡಬೇಕು. ಮಾಮೂಲಿ ಜೇನು ಪರಾಗವನ್ನು ಹಿಂಗಾಲಲ್ಲಿ ಹೊತ್ತರೆ, ಇದು ಹೊಟ್ಟೆಯಡಿಯ ಕೂದಲಲ್ಲಿ ಹೊರುತ್ತದೆ. ಯಾವ ಪ್ರಭೇದ ಅನ್ನೋದಕ್ಕೆ ಮೊಬೈಲ್ ಫೋಟೋ ಸಾಲದು, ದವಡೆಯ ಹಲ್ಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹಾಗಾಗಿ ನಾನು ಕುಲದ ಹೆಸರಿಗೇ ನಿಲ್ಲುತ್ತೇನೆ. ತೊಗರಿ ಹೂವಿನ ಮುಚ್ಚಿದ ದಳವನ್ನು ಒತ್ತಿ ತೆರೆದು ಪರಾಗ ಸಾಗಿಸುವುದರಲ್ಲಿ ಇವುಗಳ ಪಾಲು ದೊಡ್ಡದು. ಅಂಥದ್ದಕ್ಕೆ ನಾನು ಎಷ್ಟು ಜನರ ಕೈಯಲ್ಲಿ ಎಣ್ಣೆ ಹೊಡೆಸಿದ್ದೇನೋ!

ಅಜ್ಜಿಗೆ ಬಾಟಲಿಯ ದುಡ್ಡು ವಾಪಸ್ ಕೊಟ್ಟೆ. "ಗಿಡಕ್ಕ ಏನೂ ಆಗೂದಿಲ್ಲೇನು?" ಅಂತ ಕೇಳಿದರು. "ನಾಕ್ ಎಲಿ ಹೋಗ್ತಾವ ಆಯಿ, ಗಿಡ ಸಾಯೂದಿಲ್ಲ" ಅಂದೆ.

ಮೊದಲು ನೆಟ್ಟಿನ ಹಳೇ ಬಿದಿರೆಲ್ಲ ಒಲೆಗೆ ಹೋಗುತ್ತಿತ್ತು. ಈಗ ತುದಿಯ ತೂತನ್ನು ಎಲೆಯಿಂದ ಮುಚ್ಚಿದ್ದರೆ ಅದನ್ನು ಹಿತ್ತಲ ಗೋಡೆಯ ಪಕ್ಕ ಒಣ ಜಾಗದಲ್ಲಿ ಎತ್ತಿಡುತ್ತೇವೆ.