ನೇರ ಗೆರೆ

ಇಂದು ಉಡುಪಿಯಿಂದ ಮಂಗಳೂರಿಗೆ ಬರುವಾಗ ಬಸ್ಸಿನಲ್ಲಿ ಪಕ್ಕದ ಹುಡುಗ ಮೊಬೈಲ್‌ನಲ್ಲಿ ಸಿನಿಮಾ ನೋಡುತ್ತಿದ್ದ. ಮಾನಿಟರಿನಲ್ಲಿ ಗೆರೆ ನೇರವಾಯಿತು. ಡಾಕ್ಟರ್ ಎದೆಗೆ ಶಾಕ್ ಕೊಟ್ಟರು. ನಾಯಕ ಕಣ್ಣು ಬಿಟ್ಟ.

ಎಷ್ಟು ಸಿನಿಮಾಗಳಲ್ಲಿ ಇದೇ ದೃಶ್ಯ!

ಗೆರೆ ಪೂರ್ತಿ ನೇರವಾದ ಮೇಲೆ ಶಾಕ್ ಕೊಡುವುದಿಲ್ಲ. ಅದು ಬೇಕಿರುವುದು ಹೃದಯ ಲಯ ತಪ್ಪಿ ಅದುರುತ್ತಿರುವಾಗ. ನಿಂತ ಹೃದಯಕ್ಕೆ ಮೊದಲು ಬೇಕಾದದ್ದು ಕೈಬಲ: ಎದೆಯ ನಡುವೆ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಲೇ ಇರಬೇಕು. ಜೊತೆಗೆ ಔಷಧಿ. ಎರಡು ನಿಮಿಷಕ್ಕೇ ತೋಳು ಸೋಲುತ್ತದೆ, ಇನ್ನೊಬ್ಬರು ಮುಂದೆ ಬರಬೇಕು.

ಹಾಗೆ ಬಂದು ಒತ್ತುವವರಲ್ಲಿ ನರ್ಸ್‌ಗಳೂ ಇರುತ್ತಾರೆ. ಸಿನಿಮಾದಲ್ಲಿ ಅವರು ಟ್ರೇ ಹಿಡಿದು ನಿಂತಿರುತ್ತಾರೆ, ಅಷ್ಟೆ. ಇಷ್ಟೊಂದು ನರ್ಸಿಂಗ್ ಕಾಲೇಜುಗಳಿರುವ ಊರು ನಮ್ಮದು. ಅವರ ಬೆವರು ಕಾಣುವ ಒಂದು ಸಿನಿಮಾ ನನಗೆ ಬೇಕು.